ಹಕ್ಕಿಗಳ ಲಗ್ನ ಮಾಡಿಸಿದ ಟೀಚರ್

ಹೋದ ತಿಂಗಳು ಮಗಳಿಗೆ ಕೆಮ್ಮು ಬಂದಿತ್ತೆಂದು ಬೀದರಿನ ಚಿದ್ರಿಯ ಕಿರಾಣಿ ಅಂಗಡಿಯಿಂದ ಜ್ಯೇಷ್ಠಮಧು ತಂದೆ. ಪುಡಿಕೆ ಬಿಚ್ಚಿದ ಕೂಡಲೇ ಆ ಸಿಹಿ ಬೇರಿನ ವಾಸನೆ... ಔರಾದಿನ ಸಾಲಿ, ಒಂಬತ್ತನೆಯ ಕ್ಲಾಸು, ನಮ್ಮ ಗಣಿತದ ಟೀಚರ್. ಅವರ ಬಾಯಲ್ಲಿ ಯಾವಾಗಲೂ ಅದರದೊಂದು ತುಂಡು ಇರುತ್ತಿತ್ತು.

ಟೀಚರ್ ಭಾಲ್ಕಿಯವರು. ನಮ್ಮ ಸಾಲಿಗೆ ಬರುವ ಮೊದಲೇ ಅವರ ಗಂಟಲಿಗೆ ಆಪರೇಷನ್ ಆಗಿತ್ತು. ದನಿ ಹೋಗಿ ಪಿಸುಮಾತಷ್ಟೇ ಉಳಿದಿತ್ತು. ಅಂಥವರು ಸಾಲಿಯ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗ್‌ಗೆ, ಹಾಡಿನ ನಾಟಕ ಮಾಡಿಸುತ್ತೇನೆ ಅಂದಾಗ ಉಳಿದ ಮಾಸ್ತರರು ಮುಖ ಮುಖ ನೋಡಿಕೊಂಡರು. ಅದೂ ಇಡೀ ಕ್ಲಾಸನ್ನು ಕಟ್ಟಿಕೊಂಡು. ನಮ್ಮಲ್ಲಿ ಯಾರೂ ಸ್ಟೇಜ್ ಹತ್ತಿದವರಲ್ಲ.

ನಾಟಕ ಅವರೇ ಕಟ್ಟಿದ್ದು, ಹಕ್ಕಿಗಳ ಲಗ್ನ. ನವಿಲು ಮದುಮಗ, ಉಳಿದವರೆಲ್ಲ ಬೀಗರು. ಎಕಂಬಾದಿಂದ ಬರುತ್ತಿದ್ದ ನಾನೂ ಇನ್ನು ಕೆಲವು ಹುಡುಗಿಯರೂ ಕಾಗೆಗಳು. ಕಮಲನಗರದ ಕಡೆಯ ಹುಡುಗಿಯೊಬ್ಬಳ ನಾಲಿಗೆ ಮರಾಠಿಗೇ ಹೊರಳುತ್ತಿತ್ತು. ಆಕೆಯ ಗಿಳಿ ಮರಾಠಿಯಲ್ಲೇ ಹಾಡಲಿ ಅಂದುಬಿಟ್ಟರು.

ಟೀಚರ್ ಹಾಡನ್ನು ಪಿಸುಗುಟ್ಟುತ್ತಿದ್ದರು. ದನಿ ಏರುವಲ್ಲಿ ಕೈ ಏರಿಸಿ, ಇಳಿಯುವಲ್ಲಿ ಇಳಿಸಿ ತೋರಿಸುತ್ತಿದ್ದರು. ಧಾಟಿ ನಾವೇ ಹುಡುಕಿಕೊಳ್ಳಬೇಕು. ತಪ್ಪಿದರೆ, "ಅದಲ್ಲ... ಇನ್ನೊಮ್ಮೆ." ಸಿಕ್ಕಾಗ ಮಾತ್ರ ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ದಿನ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನಮ್ಮ ಹಾಡು ಕೇಳಿದರು. "ಹಾಡಾಕ ಬರದವ್ರನ್ನ ತಗದುಬಿಡ್ರಿ ಟೀಚರ್. ಮಂದಿ ಮುಂದ ಸಾಲಿ ಮರ್ಯಾದಿ ಹೋಗ್ತದ."

"ಹಂಗ ತಗದ್ರ ಮೊದಲ ನಾನೇ ಹೊರಗ ಹೋಗಬೇಕಾಗ್ತದ್ರಿ ಸರ್," ಅಂದರು ಟೀಚರ್.

ಹೆಡ್‌ಮಾಸ್ತರರು ತಿರುಗಿ ತಮ್ಮ ಕೋಣೆಗೆ ಹೋದರು.

ಗ್ಯಾದರಿಂಗ್ ದಿನ ಪೆಂಡಾಲ್ ತುಂಬಿತ್ತು. ಮದುಮಗ ನವಿಲು ಸ್ಟೇಜಿನ ನಡುವೆ ಬಂದು ನಿಂತು ಬಾಯಿ ತೆರೆದ. ಹಾಡು ಬರಲಿಲ್ಲ. ಪರದೆಯ ಮರೆಯಿಂದ ಟೀಚರ್ ಪಿಸುಗುಟ್ಟಿದ್ದು ಅವನಿಗೆ ಮುಟ್ಟಲಿಲ್ಲ. ಆಗ ಅವರು ಸ್ಟೇಜಿಗೇ ಬಂದು, ಅವನ ಪಕ್ಕ ನಿಂತು ಹಾಡಿದರು... ಅದನ್ನು ಹಾಡು ಅನ್ನಬೇಕೋ ಏನೋ. ಅರಿವಿ ಹರಿದಂಥ ದನಿ. ಮುಂದೆ ಕುಳಿತವರು ನಕ್ಕರು. ಟೀಚರ್ ನಿಲ್ಲಿಸಲಿಲ್ಲ, ಕೈ ಏರಿಸಿದರು. ಆ ಕೈ ನೋಡುತ್ತ ಕಾಗೆಗಳು ನಾವು ಶುರು ಮಾಡಿದೆವು. ಆಮೇಲೆ ಗಿಳಿ, ಗುಬ್ಬಿ, ಕೊನೆಗೆ ನವಿಲೂ. ಅಪಸ್ವರವೇ ಹೆಚ್ಚು, ಆದರೂ ಲಗ್ನ ಆಯಿತು. ನಕ್ಕ ಮಂದಿಯೇ ಚಪ್ಪಾಳೆ ತಟ್ಟಿದರು. ಟೀಚರ್ ಅಷ್ಟರಲ್ಲಿ ಒಳಗೆ ಹೋಗಿ ನೀರು ಕುಡಿಯುತ್ತಿದ್ದರು.

ಮರುವರ್ಷ ಅವರಿಗೆ ಭಾಲ್ಕಿಗೆ ವರ್ಗವಾಯಿತು. ನಾನು ನರ್ಸಿಂಗ್ ಕಲಿತು ಬೀದರಿಗೆ ಬಂದೆ. ಗಂಟಲಿನ ರೋಗ ಮರಳಿ ಬಂದು ಅವರು ತೀರಿಕೊಂಡದ್ದು ನನಗೆ ಬಹಳ ತಡವಾಗಿ ತಿಳಿಯಿತು.

ಮೊನ್ನೆ ಕೆಲಸದ ಮೇಲೆ ಭಾಲ್ಕಿಗೆ ಹೋದವಳು ಅವರ ತಂಗಿಯ ಮನೆ ಹುಡುಕಿಕೊಂಡು ಹೋದೆ. ಗೋಡೆಯ ಮೇಲೆ ಟೀಚರ್ ಫೋಟೋ ಇತ್ತು. ತಂಗಿ ಚಹಾ ಕೊಟ್ಟು ಕುಳಿತರು.

"ಏನು ದನಿ ಇತ್ತರಿ ಅಕ್ಕಂದು! ಚರ್ಚಿನ್ಯಾಗ ಆಕಿ ಹಾಡಿದ್ರ, ರಸ್ತಾದಾಗ ಹೋಗೋರು ಸೈಕಲ್ ಇಳದು ನಿಲ್ತಿದ್ರು."

"ಎಲ್ಲ್ಯಾರ ರಿಕಾರ್ಡ್ ಅದ ಏನ್ರಿ?"

"ಎಲ್ಲೀದ್ರಿ... ಆಗ ಮೊಬೈಲ್ ಎಲ್ಲಿದ್ದವು?"

ಚಹಾ ಮುಗಿಸಿ ಹೊರಗೆ ಬಂದೆ. ಆ ದನಿ ಕೇಳಿದವರು ಭಾಲ್ಕಿಯಲ್ಲಿ ಇನ್ನೂ ಕೆಲವರು ಇದ್ದಾರಂತೆ. ನಾವು ಮಾತ್ರ ಕೇಳಲಿಲ್ಲ.