ಮುಮ್ತಾಜಳ ಮೂಗು, ನನ್ನ ಮಸಾಲೆ ಖಾರ

ಚಿಂಚಲಿಯ ತಾಯಿ ಮಾಯಕ್ಕನನ್ನು ನಂಬಿದ ಅಕ್ಕತಂಗಿಯರಿಗೆ ಭೋಜ ಗ್ರಾಮದ ಸುವರ್ಣಾಳ ಶರಣು.

ಹೋದ ಮಳೆಗಾಲದಲ್ಲಿ ಎಂಟು ದಿನ ಜ್ವರ ಬಂತು. ಜ್ವರ ಇಳಿಯಿತು, ಆದರೆ ವಾಸನೆಯೇ ಹೊರಟುಹೋಯಿತು. ಒಗ್ಗರಣೆಯ ಘಾಟು ಇಲ್ಲ, ಮಲ್ಲಿಗೆಯ ಕಂಪಿಲ್ಲ. ಬೇರೆಯವರಿಗೆ ಇದು ಸಣ್ಣ ಮಾತಿರಬಹುದು. ನಾನು ಮಸಾಲೆ ಖಾರದ ಪುಡಿ ಮಾಡಿ ಸಂತೆಯಲ್ಲಿ ಮಾರುವವಳು. ಎಳ್ಳು, ಕೊತ್ತಂಬರಿ ಬೀಜ, ಕೊಬ್ಬರಿ ಹುರಿಯುವಾಗ ಕೈಗಿಂತ ಮೊದಲು ಮೂಗು ಕೆಲಸ ಮಾಡಬೇಕು.

“ಹೆಣ್ಮಕ್ಕಳು ಸಂತ್ಯಾಗ ಕುಂದರೂದು ಚಲೋ ಅಲ್ಲ” ಅನ್ನುತ್ತಿದ್ದ ಅತ್ತೆಯನ್ನು ಒಪ್ಪಿಸಲು ಎರಡು ವರ್ಷ ಹಿಡಿದಿತ್ತು. ಈಗ ಇದು ತಿಳಿದರೆ ಅಂಗಡಿ ಎತ್ತಿಸುತ್ತಾರೆಂದು ಯಾರಿಗೂ ಹೇಳಲಿಲ್ಲ. ತವರಿನ ನೆಪ ಮಾಡಿ, ಬಸ್ಸು ಹತ್ತಿ ಚಿಕ್ಕೋಡಿಯ ಆಸ್ಪತ್ರೆಗೆ ಹೋದೆ. ಡಾಕ್ಟರು ಮೂಗಿಗೆ ಬೆಳಕು ಹಿಡಿದು ನೋಡಿ, “ಬಂದರ ಬರ್ತೈತಿ, ಬರದನೂ ಇರಬಹುದ್ರಿ” ಅಂದರು. ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತ ಬಂದೆ.

ಬೇಡಕಿಹಾಳದ ಸಂತೆಯಲ್ಲಿ ನನ್ನೆದುರೇ ಮುಮ್ತಾಜ ಕೂರುತ್ತಿದ್ದಳು. ಅವಳದೂ ಮಸಾಲೆ ಖಾರವೇ. ಗಿರಾಕಿಗಾಗಿ ನಾವಿಬ್ಬರೂ ಜಗಳಾಡಿದವರು. ಒಂದು ವಾರ ಅವಳು ಎದ್ದು ಬಂದು ನನ್ನ ಡಬ್ಬಿಯ ಮೇಲೆ ಬಗ್ಗಿದಳು.

“ಅಕ್ಕಾ, ಕೊಬ್ಬರಿ ಕಮಟ ಹಿಡದೈತಲ್ರಿ. ನಿಮಗ ವಾಸನಿ ಬರವಲ್ದೇನ್ರಿ?” ಎಂದು ಮೆಲ್ಲಗೆ ಕೇಳಿದಳು.

ನಾನು ಡಬ್ಬಿ ಮುಚ್ಚಿಕೊಂಡು ಮನೆಗೆ ಬಂದೆ. ಇನ್ನು ಸಂತೆಗೆಲ್ಲ ಸುದ್ದಿ ಅಂದುಕೊಂಡೆ. ಮರುದಿನ ಬೆಳಿಗ್ಗೆ ದೇವರ ಜಗಲಿಯ ಮುಂದೆ ಕೂತು, “ಯವ್ವಾ, ನನ್ನ ಮೂಗರ ಕೊಡು, ಇಲ್ಲಾ ಈ ದಂಧೇದ ಆಸೇನರ ಕಿತ್ಕೊ” ಎಂದು ಹರಕೆ ಹೊತ್ತು ಬೇಡಿದೆ. ಕಣ್ಣು ಒರೆಸಿಕೊಂಡು ಎದ್ದರೆ ಬಾಗಿಲಲ್ಲಿ ಮುಮ್ತಾಜ!

“ಬಾಣಲಿ ಇಡ್ರಿ. ನೀವ ಹುರೀರಿ, ನಾ ಪಕ್ಕದಾಗ ನಿಂತು ಸಾಕಂತೀನಿ.”

“ನಾ ಕೆಟ್ಟರ ಗಿರಾಕಿ ಎಲ್ಲಾ ನಿನಗ ಬರತಿದ್ರಲ್ಲ, ಯಾಕ ಬಂದಿ?”

“ನಿಮ್ಮ ಕೈ ಹದ ನನಗ ಇಷ್ಟ ವರ್ಷಾದ್ರೂ ಬಂದಿಲ್ರಿ ಅಕ್ಕಾ. ಅದು ಹಾಳಾಗಬಾರದು.”

ಎಂಥ ದೊಡ್ಡ ಮನಸ್ಸು ನೋಡಿ! ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವರು ಚಹಾ ತಂದಿಟ್ಟು, “ನನಗ ಯಾಕ ಹೇಳಲಿಲ್ಲಬೇ?” ಎಂದಷ್ಟೇ ಕೇಳಿ, ತಾವೂ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತರು.

ಈಗ ಇಬ್ಬರದೂ ಒಂದೇ ಅಂಗಡಿ. ಓಣಿಯ ಹೆಂಗಸರು ನಾಲ್ವರು ಕೈಜೋಡಿಸಿದ್ದಾರೆ. ಕಬ್ಬೂರಿನಿಂದಲೂ ನಮ್ಮ ಖಾರ ಕೇಳಿಕೊಂಡು ಬರುತ್ತಾರೆ.

ನನಗೆ ವಾಸನೆ ಇನ್ನೂ ಬಂದಿಲ್ಲ. ಆದರೂ ತಾಯಿ ನನ್ನ ಮೊರೆ ಕೇಳಿದಳೆಂದೇ ಬರೆಯುತ್ತಿದ್ದೇನೆ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲಿಗೆ ಆಸರೆ ಕಳಿಸಿದ್ದಳು.

ಹೋದ ತಿಂಗಳು ಹರಕೆ ಸಲ್ಲಿಸಲು ಚಿಂಚಲಿಗೆ ಹೋದಾಗ ಮುಮ್ತಾಜಳೂ ಜೊತೆಗೆ ಬಂದಳು. ಗುಡಿಯಲ್ಲಿ ಪ್ರಸಾದವಾಗಿ ಕೊಟ್ಟ ಭಂಡಾರದ ಹಳದಿ ಪುಡಿ ನನ್ನ ಅಂಗೈಯಲ್ಲಿತ್ತು. ಅವಳು ಬಗ್ಗಿ ಮೂಸಿ, ನನ್ನ ಕಿವಿಯ ಹತ್ತಿರ, “ಈಗಷ್ಟ ಕುಟ್ಟಿದ ಹೊಸ ಅರಿಷಿಣದಂಗ ಐತ್ರಿ ಅಕ್ಕಾ, ಅದರಾಗ ಒಂದೀಟ ಕರ್ಪೂರ” ಎಂದಳು.

ಅದನ್ನು ಹಣೆಗೆ ಹಚ್ಚಿಕೊಂಡು ತಾಯಿಗೆ ಕೈ ಮುಗಿದೆ.