ಅರ್ಧ ರಟ್ಟಿನ ಹೂವು

ಮೂಡಲಗಿಗೆ ಜಕಾರ್ಡ್ ಮಗ್ಗ ಬಂದ ಹೊಸತು. ಕೈಯಿಂದ ಎಳೆ ಎತ್ತಿ ನೇಯುತ್ತಿದ್ದ ಹೂವನ್ನು ರಟ್ಟಿನಲ್ಲಿ ತೂತು ಹೊಡೆದು ಮಗ್ಗಕ್ಕೆ ತಿಳಿಸುವುದು ನನ್ನ ಕೆಲಸ. ಒಂದು ಸಾಲಿಗೆ ಒಂದು ರಟ್ಟು. ಸಂಜೆಯೊಳಗೆ ಹೂವು ಮೂಡದಿದ್ದರೆ ಮಗ್ಗವನ್ನು ಹುಕ್ಕೇರಿಗೆ ಸಾಗಿಸುತ್ತೇವೆಂದು ಗೋಕಾಕದ ಕಚೇರಿಯ ಸಾಹೇಬರು ಹೇಳಿದ್ದರು.

ಆ ಹೂವಿನ ಲೆಕ್ಕವೆಲ್ಲ ನೇಕಾರಗಿತ್ತಿ ಗಂಗವ್ವನ ಹಾಡಿನಲ್ಲಿತ್ತು. ‘ಎರಡ ಎತ್ತು, ಒಂದ ಬಿಡು’ ಎಂದು ಅವಳು ಹಾಡಿದಂತೆ ನಾನು ತೂತು ಹೊಡೆದೆ. ನಲವತ್ತನೇ ರಟ್ಟಿಗೆ ಹಾಡು ನಿಂತಿತು. ಹೂವು ಅರ್ಧವಷ್ಟೇ ಆಗಿತ್ತು!

“ಮುಂದ ಹೇಳ್ರಿ ಅವ್ವಾ.”

“ಮುಂದ ಏನೂ ಇಲ್ಲೋ ತಮ್ಮಾ. ಬಂದ ಹಾದೀಲೆ ಹೊಳ್ಳಿ ಹೋಗೂದು.”

“ಹಂಗಾರ ಹೊಳ್ಳಿ ಹಾಡ್ರಿ, ತೂತ ಹೊಡೀತೀನಿ.”

“ಹೊಳ್ಳಿ ಯಾರ ಹಾಡ್ತಾರ? ಅರಳೂದ ಗೊತ್ತಾದ ಮ್ಯಾಲ ಮುಚ್ಚೂದ ಬ್ಯಾರೆ ಹೇಳಬೇಕೇನು?”

ಅವೇ ರಟ್ಟುಗಳು ಹಿಂದುಮುಂದಾಗಿ ತಿರುಗಿದರೆ ಸಾಕೆಂದು ನನಗೆ ಥಟ್ಟನೆ ಹೊಳೆಯಿತು. ಮಗ್ಗದಲ್ಲಿ ರಟ್ಟುಗಳನ್ನು ಹಿಂದಕ್ಕೆ ತಿರುಗಿಸುವ ಹಗ್ಗವೊಂದಿತ್ತು. ನೇಯ್ಗೆ ತಪ್ಪಿ ಬಿಚ್ಚುವಾಗ ಮಾತ್ರ ಅದನ್ನು ಎಳೆಯುತ್ತಿದ್ದೆವು. ನಲವತ್ತೂ ರಟ್ಟು ಮಗ್ಗಕ್ಕೇರಿಸಿ ಅರ್ಧ ಹೂವು ನೇಯ್ದು, ಆ ಹಗ್ಗವನ್ನೇ ಎಳೆದು ಮುಂದೆ ನೇಯತೊಡಗಿದೆ. ಸಾಲು ಸಾಲಾಗಿ ಹೂವು ಮುಚ್ಚಿಕೊಳ್ಳುತ್ತ ಬಂತು! ನಾನು ಕೂಗಿದ ಕೂಗಿಗೆ ಓಣಿಯವರೆಲ್ಲ ಓಡಿಬಂದರು.

“ಮಗ್ಗಕ್ಕ ತಿಳೀತು, ಕಲತಾವಗ ತಿಳೀಲಿಲ್ಲ” ಎಂದಳು ಗಂಗವ್ವ.

ಮಗ್ಗ ಮೂಡಲಗಿಯಲ್ಲೇ ಉಳಿಯಿತು. ‘ಹೂವು ಪೂರ್ಣ, ರಟ್ಟು ನಲವತ್ತು’ ಎಂದು ಗೋಕಾಕದ ಕಚೇರಿಗೆ ಬರೆದೆ. ‘ಎಂಬತ್ತು ಸಾಲಿಗೆ ಎಂಬತ್ತು ರಟ್ಟು ಬೇಕು, ಉಳಿದರ್ಧ ಕೂಡಲೇ ಮುಗಿಸುವುದು’ ಎಂದು ಉತ್ತರ ಬಂತು. ಇನ್ನೂ ನಲವತ್ತು ರಟ್ಟು ಹೊಡೆದು ಕಳಿಸಿಕೊಟ್ಟೆ. ಅವು ಕಚೇರಿಯ ಕಪಾಟಿನಲ್ಲಿ ಭದ್ರವಾಗಿದ್ದವು. ಇಲ್ಲಿ ಮೊದಲಿನ ನಲವತ್ತೇ ರಟ್ಟಿನಿಂದ ಸೀರೆಯ ಮೇಲೆ ಸೀರೆ ಇಳಿಯುತ್ತಿತ್ತು.