ನಾನು ತೆಗೆದಿಟ್ಟ ಏಳು ಫಾರ್ಮುಗಳು

ಆ ಏಳು ಫಾರ್ಮುಗಳನ್ನು ಕಟ್ಟಿನಿಂದ ತೆಗೆದವಳು ನಾನು, ಸಹನಾ. ಅದರಲ್ಲಿ ಒಂದು ನಿನ್ನದು.

ಐನ್ ಖಾಲಿದ್‌ನ ನಿಮ್ಮ ಮನೆಯ ಹಾಲ್‌ನಲ್ಲಿ ಪ್ರತಿ ಶುಕ್ರವಾರ ನನ್ನ ಕನ್ನಡ ಪಾಠ ನಡೆಯುತ್ತಿತ್ತಲ್ಲ, ಒಂದು ವಾರ ಪಾಠ ಬಿಟ್ಟು ನಿಮಗೆಲ್ಲ ವೇಪ್, ಅಂದರೆ ಇ-ಸಿಗರೇಟಿನ ಬಗ್ಗೆ ಒಂದು ಫಾರ್ಮ್ ಹಂಚಿದ್ದೆ. ನಮ್ಮ ಕನ್ನಡ ಸಂಘಕ್ಕೆ ಬರುತ್ತಿದ್ದ ಮಲಯಾಳಿ ಡಾಕ್ಟರಮ್ಮ ಕೊಟ್ಟದ್ದು. ಈ ಕೊಲ್ಲಿ ದೇಶದಲ್ಲಿ ಸಿಗರೇಟಿಗೆ ದೊಡ್ಡ ತೆರಿಗೆ, ವೇಪ್ ಮಾರುವುದಕ್ಕೇ ನಿಷೇಧ — ಹಾಗಿದ್ದೂ ಅದು ಮಕ್ಕಳ ಕೈ ಸೇರುವುದು ಹೇಗೆ? ಅವರಿಗೆ ಅದು ತಿಳಿಯಬೇಕಿತ್ತು. ಸೇದುವ ಮಕ್ಕಳು ಎಲ್ಲಿದ್ದಾರೋ ಅಲ್ಲಿಗೆ ಚಟ ಬಿಡಿಸುವ ಸಲಹೆಗಾರರನ್ನು ಕಳಿಸುತ್ತೇವೆ ಎಂದಿದ್ದರು. ಹೆಸರು ಬರೆಯಬೇಕಿರಲಿಲ್ಲ.

ನನ್ನ ಹಾಳು ಕುತೂಹಲ ಸುಮ್ಮನಿರಬೇಕಲ್ಲ! ಬಿನ್ ಒಮ್ರಾನ್‌ನ ನನ್ನ ಫ್ಲಾಟಿಗೆ ಬಂದವಳೇ, ಚಹಾ ಕೂಡ ಇಡದೆ ಓದುತ್ತ ಕುಳಿತೆ. ತೆರಿಗೆ ಹಾಕಿ ಬೆಲೆ ಏರಿಸಿದರೆ ಬಿಡುತ್ತೀರಾ ಎಂಬ ಪ್ರಶ್ನೆಗೆ ಯಾರೋ ಒಬ್ಬ ಬರೆದಿದ್ದ — ಇದಕ್ಕೆ ಯಾರು ಟ್ಯಾಕ್ಸ್ ಕಟ್ಟುತ್ತಾರೆ, ದುಬೈಯಿಂದ ಅಂಕಲ್‌ಗಳ ಸೂಟ್‌ಕೇಸಿನಲ್ಲಿ ಬರುತ್ತದೆ. ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಯಾವ ಅಂಕಲ್? ಯಾರೋ ಕೊಟ್ಟ ಪೊಟ್ಟಣವನ್ನು ಒಳಗೇನಿದೆ ಎಂದು ಕೇಳದೆ ತಂದುಕೊಡುವುದು ನಮ್ಮವರೆಲ್ಲರ ಅಭ್ಯಾಸ. ನನ್ನ ಯಜಮಾನರೂ ಎಷ್ಟೋ ಸಲ ತಂದಿದ್ದಾರೆ — ಒಳಗೇನಿತ್ತು ಎಂದು ನಾನೂ ಕೇಳಿಲ್ಲ.

ಕೊನೆಗೆ ನಿನ್ನ ಫಾರ್ಮ್. ಉತ್ತರವೆಲ್ಲ ಇಂಗ್ಲಿಷಿನಲ್ಲಿ, ಅಡಿಯ ಖಾಲಿ ಜಾಗದಲ್ಲಿ ಮಾತ್ರ ಕನ್ನಡ, ಹೆಸರಿಲ್ಲದೆಯೂ ಗುರುತು ಸಿಗುವ, ನಾನೇ ತಿದ್ದಿಸಿದ ನಿನ್ನ ದುಂಡು ಅಕ್ಷರ: "ನಾ ಇದನ್ನ ಬಿಡಬೇಕಂತೀನಿ. ಬಿಡಾಕ ಆಗವಲ್ದು."

ಮಾನ — ನನಗೆ ಹೊಳೆದದ್ದು ಅದೊಂದೇ. ನಮ್ಮ ಸಂಘದ ಮಕ್ಕಳು ಹೀಗೆ ಎಂದರೆ ನಾಲ್ಕು ಜನ ಏನಂದಾರು, ಗ್ಯಾಸ್ ಕಂಪನಿಯಲ್ಲಿ ದುಡಿಯುವ ನಿನ್ನಪ್ಪ ಮುಖ ಎತ್ತಿ ತಿರುಗುವುದು ಹೇಗೆ... 'ಹೌದು, ಸೇದುತ್ತೇನೆ' ಎಂದಿದ್ದ ಏಳನ್ನೂ ಬೀರುವಿನಲ್ಲಿ ಸೀರೆಗಳ ಅಡಿಗೆ ತುರುಕಿ, ಉಳಿದವನ್ನು ಒಪ್ಪಿಸಿದೆ. "ವೆರಿ ಗುಡ್ ಕಿಡ್ಸ್, ಟೀಚರ್!" ಎಂದು ಡಾಕ್ಟರಮ್ಮ ಕೈ ಕುಲುಕಿದರು. ಸಲಹೆಗಾರರು ಬೇರೆ ಕಡೆ ಹೋದರು. ನನಗೆ ಹೆಮ್ಮೆಯೇ ಆಯಿತು, ನಾಚಿಕೆಗೇಡು.

ಮೂರು ವರ್ಷವಾಯಿತು. ಕಳೆದ ತಿಂಗಳು ಸಂಘದ ಊಟದಲ್ಲಿ ನೀನು ನನ್ನ ಪಕ್ಕ ಕುಳಿತೆ, ಈಗ ಕಾಲೇಜು ಹುಡುಗಿ. ಪಾಯಸ ಬರುವ ಮೊದಲೇ ಎರಡು ಸಲ ಎದ್ದೆ. "ಎರಡ ನಿಮಿಷ ರೀ ಟೀಚರ್, ಬಂದೆ." ಮೆಟ್ಟಿಲ ಕಡೆಯಿಂದ ಮರಳಿದಾಗ ನಿನ್ನ ಮೈಯೆಲ್ಲ ಮಾವಿನ ಹಣ್ಣಿನ ಪರಿಮಳ, ವೇಪ್‌ಗೆ ಬೆರೆಸುವಂಥದ್ದು.

ಅಂದಿನಿಂದ ಒಂದೇ ಪ್ರಶ್ನೆ ಕೊರೆಯುತ್ತಿದೆ — ಆ ಸಾಲು ಕನ್ನಡದಲ್ಲಿ ಏಕೆ? ಎರಡು ವಾಕ್ಯ ಬರೆಯಲು ಅಳುತ್ತಿದ್ದವಳು ನೀನು. ಡಾಕ್ಟರಮ್ಮನಿಗೆ ಕನ್ನಡ ಓದಲು ಬಾರದೆಂದು ನಿಮಗೆಲ್ಲ ಗೊತ್ತಿತ್ತು. ಹಾಗಾದರೆ ಅದು ಅವರಿಗೆ ಬರೆದದ್ದಲ್ಲ. ನನಗೆ.

ಉಳಿದ ಆರನ್ನು ನಾಳೆ ಡಾಕ್ಟರಮ್ಮನಿಗೆ ಕೊಟ್ಟು, ಮಾಡಿದ್ದನ್ನು ಹೇಳುತ್ತೇನೆ. ನಿನ್ನದನ್ನು ನಿನ್ನನ್ನು ಕೇಳದೆ ಕೊಡಲಾರೆ. ಈ ಕಾಗದದ ಜೊತೆ ಇಟ್ಟಿದ್ದೇನೆ. ಯಾರೂ ಓದಲೇ ಇಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೀಯೇನೋ. ಓದಿದ್ದೆ, ಮಗಳೇ. ಓದಿ, ಮುಂದಿನ ಶುಕ್ರವಾರ ನಿನ್ನೆದುರು ಕುಳಿತು ಒತ್ತಕ್ಷರ ತಿದ್ದಿಸಿದೆ.